ಸಗಟು ಬಣ್ಣದ ಬಾಗಿಲು

ಇಂಗ್ಲೆಂಡಿನ ಮಿಡಲ್ಸ್‌ಬರೊದಲ್ಲಿ ಬಾಗಿಲು ಕೆಂಪಗಿದ್ದರೆ ಒಳಗಿರುವವರು ಆಶ್ರಯ ಕೋರಿ ಬಂದ ಪರದೇಶಿಗಳೆಂದು ಬೀದಿಯ ಪುಂಡರಿಗೆ ತಿಳಿದುಹೋಗುತ್ತಿತ್ತು. ಮೊಟ್ಟೆ ಬಿತ್ತು, ಕಲ್ಲು ಬಿತ್ತು. 2016ರ ಜನವರಿಯಲ್ಲಿ ಪತ್ರಿಕೆಯೊಂದು ಇದನ್ನು ಬಯಲಿಗೆಳೆದಾಗ, ಜಿ4ಎಸ್ ಕಂಪನಿಯ ಉಪಗುತ್ತಿಗೆ ಹಿಡಿದಿದ್ದ ಮನೆ ಮಾಲೀಕರು ಕೊಟ್ಟ ಉತ್ತರ: ಬಣ್ಣವನ್ನು ಸಗಟಾಗಿ ಕೊಳ್ಳುತ್ತೇವೆ. ಆ ಮಾತನ್ನು ನಾನು ನಂಬುತ್ತೇನೆ. ಭಯ ಹುಟ್ಟುವುದೂ ಅಲ್ಲಿಯೇ. ಯಾರೂ ಕೇಡು ಬಗೆಯಬೇಕಾಗಿರಲಿಲ್ಲ, ಡಬ್ಬಿ ಅಗ್ಗಕ್ಕೆ ಸಿಕ್ಕಿದ್ದರೆ ಸಾಕಿತ್ತು.

2012ರಲ್ಲಿ ಬ್ರಿಟನ್ ಆಶ್ರಯ ಕೋರಿದವರ ವಸತಿಯನ್ನು ದೊಡ್ಡ ಕಂಪನಿಗಳ ಕೈಗಿತ್ತಿತು. ಅವುಗಳಲ್ಲಿ ಜಿ4ಎಸ್, ಸರ್ಕೊ ಜೈಲು ನಡೆಸುವುದರಲ್ಲಿ ಪಳಗಿದ್ದವು. 2019ರಿಂದ ಸರ್ಕೊ, ಮೇರ್ಸ್, ಕ್ಲಿಯರ್‌ಸ್ಪ್ರಿಂಗ್ಸ್ ಹತ್ತು ವರ್ಷದ ಗುತ್ತಿಗೆ ಹಿಡಿದಿವೆ. ಆರಂಭದ ಅಂದಾಜು 450 ಕೋಟಿ ಪೌಂಡ್; 2025ರ ಮೇ ತಿಂಗಳಲ್ಲಿ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಹೇಳಿದ್ದು 1,530 ಕೋಟಿ. ಹಣ ನುಂಗಿದ್ದು ಅವರನ್ನು ಇರಿಸಿದ್ದ ಹೋಟೆಲುಗಳು. ಶೇ 35ರಷ್ಟು ಜನ ಅಲ್ಲಿದ್ದರೆ ಖರ್ಚಿನಲ್ಲಿ ಅವುಗಳ ಪಾಲು ಶೇ 76. ಒಬ್ಬರಿಗೆ ಒಂದು ರಾತ್ರಿಗೆ ಸುಮಾರು 145 ಪೌಂಡ್, ಸಾಮಾನ್ಯ ಮನೆಯಲ್ಲಾದರೆ 23. ಹೋಟೆಲಿನ ಕೋಣೆಯಲ್ಲಿ ಮಲಗುವವರ ಕೈಗೆ ಬರುವುದು ವಾರಕ್ಕೆ ಹತ್ತು ಪೌಂಡ್ ಕೂಡ ಅಲ್ಲ. ದುಡಿದು ತಿನ್ನೋಣವೆಂದರೆ ಮೊದಲ ವರ್ಷ ಕಾನೂನೇ ಅಡ್ಡ.

ಆಶ್ರಯದ ಅರ್ಜಿಗಳನ್ನು ವರ್ಷಗಟ್ಟಲೆ ಕೊಳೆಹಾಕಿದ್ದು ಸರ್ಕಾರ, ಆ ಪಾಪವನ್ನು ಕಂಪನಿಗಳ ತಲೆಗೆ ಕಟ್ಟಲಾಗದು. ಆದರೆ ಅರ್ಜಿ ಕೊಳೆತಷ್ಟೂ ರಾತ್ರಿಗಳು ಹೆಚ್ಚು, ರಾತ್ರಿ ಹೆಚ್ಚಿದಷ್ಟೂ ಬಿಲ್ಲು ಹೆಚ್ಚು. ಇಂಥ ಕರಾರಿಗೆ ಸಹಿ ಹಾಕಿದವರೇ ಕಂಪನಿಗಳನ್ನು ಲಾಭಕೋರರೆಂದು ಬೈಯುವುದು ನನಗೆ ನಾಟಕದಂತೆ ಕಾಣುತ್ತದೆ.

ದುಡ್ಡಿಗಿಂತ ನನ್ನನ್ನು ಹೆಚ್ಚು ಕಾಡುವುದು ಗ್ಲಾಸ್ಗೊ. ಅರ್ಜಿ ತಿರಸ್ಕೃತವಾದ ಸುಮಾರು 300 ಜನರ ಮನೆಗಳ ಬೀಗ ಬದಲಿಸುವುದಾಗಿ 2018ರಲ್ಲಿ ಸರ್ಕೊ ಸಾರಿತು. ವ್ಯಾಜ್ಯ ಮೇಲ್ಮನವಿಗೆ ಹೋಯಿತು. 2019ರಲ್ಲಿ ಸ್ಕಾಟ್ಲೆಂಡಿನ ನ್ಯಾಯಾಲಯ ಕೊಟ್ಟ ತೀರ್ಪು: ಮಾನವ ಹಕ್ಕುಗಳ ಕಾಯ್ದೆಯ ಅರ್ಥದಲ್ಲಿ ಸರ್ಕೊ ಸಾರ್ವಜನಿಕ ಸಂಸ್ಥೆಯಲ್ಲ, ಆ ಹೊಣೆ ಸರ್ಕಾರದ್ದೇ. ಅಂದರೆ ಬೀಗ ಹಾಕುವ ಕೈ ಒಂದು, ಉತ್ತರ ಕೊಡಬೇಕಾದ ಬಾಯಿ ಇನ್ನೊಂದು. ಕಾನೂನಿನ ಪ್ರಕಾರ ಹೊಣೆ ಎಲ್ಲೂ ಕಳೆದುಹೋಗಿಲ್ಲ. ಹೊಸ್ತಿಲಲ್ಲಿ ನಿಂತವನಿಗೆ ಮಾತ್ರ ಅದು ಸಿಗುವುದಿಲ್ಲ. ಸೂರು ಸೋರಿದರೆ ಅವನು ಫೋನು ಮಾಡಬೇಕಾದದ್ದು ಸರ್ಕಾರಕ್ಕಲ್ಲ, ಕಂಪನಿಗೂ ಅಲ್ಲ, ಮೈಗ್ರೆಂಟ್ ಹೆಲ್ಪ್ ಎಂಬ ಸೇವಾ ಸಂಸ್ಥೆಗೆ. ಅದಕ್ಕೂ ಒಂದು ಗುತ್ತಿಗೆ ಇದೆ. ದೂರು ಬರೆದುಕೊಂಡು ಅವರು ಕಂಪನಿಗೆ ದಾಟಿಸುತ್ತಾರೆ.