ಊರಿಗೆಲ್ಲ ಗೊತ್ತಿರುವ ಗುಟ್ಟು

ಪತ್ತೇದಾರಿ ಕಾದಂಬರಿ ನಿಂತಿರುವುದೇ ಒಂದು ನಂಬಿಕೆಯ ಮೇಲೆ: ಕೊಲೆ ಮಾಡಿದವರು ಯಾರೋ ಊರಿಗೆ ಗೊತ್ತಿಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಬಂದು ಒಂದೊಂದೇ ಗುಟ್ಟನ್ನು ಬಯಲಿಗೆಳೆಯಬೇಕು. ನಮ್ಮ ಊರುಗಳಲ್ಲಿ ದಲಿತರ ಕೊಲೆಯಾದಾಗ ಅವನಿಗೆ ಕೆಲಸವೇ ಇಲ್ಲ. ಮಹಜರು ಬರೆಯಲು ಪೊಲೀಸ್ ಜೀಪು ಬರುವ ಹೊತ್ತಿಗೆ ಎಲ್ಲರಿಗೂ ಎಲ್ಲವೂ ಗೊತ್ತಿರುತ್ತದೆ. ಕೇಳಿದರೆ ಮಾತ್ರ, ‘ನಾನು ಹೊಲ್ತಾವ ಹೋಗಿದ್ದೆ ಸಾ, ನಂಗೇನ್ ಗೊತ್ತು?’

ನನ್ನ ಕ್ಲಾಸಿಗೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಗಳಿಂದ ಹುಡುಗರು ಬರುತ್ತಾರೆ. ದೇವನೂರ ಮಹಾದೇವರ ‘ಕುಸುಮಬಾಲೆ’ (1984) ಪಾಠ ಮಾಡುವಾಗ ಚನ್ನನನ್ನು ಕೊಂದವರು ಯಾರು ಅಂತ ಇವರು ಕೇಳುವುದಿಲ್ಲ. ಮೇಲ್ಜಾತಿ ಹುಡುಗಿಯ ಜೊತೆ ಸಂಬಂಧವಿದ್ದ ದಲಿತ ಹುಡುಗ; ಯಾರು ಕೊಂದಿರಬೇಕೆಂದು ಇವರಿಗೆ ಹೇಳಿಕೊಡಬೇಕಿಲ್ಲ. ‘ಹೇಳ್ದೋರು ಯಾರು ಸಾರ್?’ ಅನ್ನುವುದು ಇವರ ಪ್ರಶ್ನೆ. ನನಗನ್ನಿಸುತ್ತದೆ, ಕೃತಿಯ ನಿಜವಾದ ಪ್ರಶ್ನೆಯೂ ಅದೇ.

ಆ ಕಾದಂಬರಿಯಲ್ಲಿ ದೀಪದ ಜೋತಮ್ಮಗಳು ಮಾತಾಡುತ್ತವೆ, ಮಂಚ ಮಾತಾಡುತ್ತದೆ. ನಮ್ಮ ವಿಮರ್ಶಕರು ಇದಕ್ಕೆ ಮಾಂತ್ರಿಕ ವಾಸ್ತವತೆ ಎಂದು ಹೆಸರಿಟ್ಟು ಮಾರ್ಕೆಸ್‌ನ ಪಕ್ಕದಲ್ಲಿ ಕೂರಿಸಿ ಸುಮ್ಮನಾದರು. ಆದರೆ ಜೋತಮ್ಮಗಳನ್ನು ಯಾರೂ ಹೆದರಿಸಲಾರರು. ಮಂಚಕ್ಕೆ ಕೂಲಿ ತಪ್ಪಿಸಲಾಗುವುದಿಲ್ಲ, ರಾಜಿ ಪಂಚಾಯ್ತಿಗೆ ಕರೆಯಲಾಗುವುದಿಲ್ಲ. ಮನುಷ್ಯ ಸಾಕ್ಷಿ ನಿಲ್ಲಲಾರದ ಕಡೆ ಲೇಖಕ ಇವುಗಳನ್ನು ಕಟಕಟೆಗೆ ಕರೆದಿದ್ದಾನೆ. ಇದರಲ್ಲಿ ಮಾಂತ್ರಿಕತೆ ಎಲ್ಲಿದೆ?

ಕೋರ್ಟಿನೊಳಗೆ ಜೋತಮ್ಮಗಳು ಬರಲಾರವು. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಜನ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ದೌರ್ಜನ್ಯ ತಡೆ ಕಾಯ್ದೆಗೆ ಸಾಕ್ಷಿಗಳ ಹಕ್ಕಿನ ಅಧ್ಯಾಯ ಸೇರಿದ್ದು 2015ರ ತಿದ್ದುಪಡಿಯಲ್ಲಿ. ಕಾನೂನಿನ ಮಟ್ಟಿಗೆ ಆ ಏಳು ಜನರನ್ನು ಕೊಂದವರು ಯಾರೂ ಅಲ್ಲ.

ನಮ್ಮದೇ ಜಿಲ್ಲೆಯ ಇನ್ನೊಂದು ಕೊಲೆಯನ್ನು ಇದರ ಎದುರಿಗಿಟ್ಟು ನೋಡಬೇಕು. ಶಿರಾದ ಪಕ್ಕದ ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ, 2010ರ ಜೂನ್‌ನಲ್ಲಿ, ಒಬ್ಬ ದಲಿತ ಹೆಣ್ಣುಮಗಳನ್ನು ಗುಂಪುಗೂಡಿ ಕೊಂದರು. ಡಾಬಾ ನಡೆಸಿ ತಮ್ಮ ಕಾಲ ಮೇಲೆ ನಿಂತಿದ್ದ ಆಕೆ ದೇವಸ್ಥಾನಕ್ಕೆಂದು ಇಟ್ಟಿದ್ದ ಮರ ಕಳುವಾಗಿದೆ ಎಂದು ಊರವರ ಮೇಲೆ ದೂರು ಕೊಟ್ಟಿದ್ದರು. ಅಂದರೆ ಕೊಲೆ ಆದ ಮೇಲೆ ತನಿಖೆ ಶುರುವಾಗಲಿಲ್ಲ. ಊರಿನ ಗುಟ್ಟನ್ನು ಠಾಣೆಗೆ ಒಯ್ದವರೇ ಕೊಲೆಯಾದರು. ಪುರುಷೋತ್ತಮನ ಯಾವ ಕತೆಯೂ ಈ ಜಾಗಕ್ಕೆ ಬಂದು ಮುಟ್ಟುವುದಿಲ್ಲ. 2024ರ ನವೆಂಬರ್‌ನಲ್ಲಿ ತುಮಕೂರಿನ ಕೋರ್ಟು 21 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು.

ನಡುವೆ 14 ವರ್ಷ. ಇಷ್ಟು ಕಾಲ ಸಾಕ್ಷಿಯಾಗಿ ಉಳಿಯುವುದೆಂದರೆ ಏನು? ಸಮನ್ಸ್ ಬಂದ ದಿನ ಕೂಲಿ ಬಿಟ್ಟು, ಆರೋಪಿಗಳು ಹತ್ತಿದ ಬಸ್ಸಿಗೇ ಹತ್ತುವುದು, ವಾಯಿದೆ ಬಿದ್ದಿತೆಂದು ವಾಪಸ್ಸಾಗುವುದು. ಕೊಲೆಯ ಕತೆಗಳು, ಸುಟ್ಟ ಗುಡಿಸಲಿನ ಕತೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಸಾಕ್ಷಿ ಹೇಳಿ ಸಂಜೆ ಅದೇ ಊರಿಗೆ ಬಂದು ಇಳಿಯುವವರ ಕತೆ ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ.