ಡ್ಯಾನ್ಯೂಬ್ ದಾರಿ, ಕಂತು ಕಂತಾಗಿ

ಯೂರೋವೆಲೋ 6 ಎಂಬ ಸೈಕಲ್ ಮಾರ್ಗ ಫ್ರಾನ್ಸಿನಲ್ಲಿ ಲೋವಾರ್ ನದಿ ಅಟ್ಲಾಂಟಿಕ್ ಸೇರುವ ಕಡೆಯಿಂದ ಹೊರಟು, ಹತ್ತು ದೇಶ ದಾಟಿ, ರುಮೇನಿಯಾದ ಕಾನ್‌ಸ್ಟಾಂಟ್ಸಾದಲ್ಲಿ ಕಪ್ಪು ಸಮುದ್ರ ಮುಟ್ಟುತ್ತದೆ. ಸುಮಾರು 4,000 ಕಿಲೋಮೀಟರ್. ಒಂದು ನದಿಯ ಕೈಬಿಟ್ಟು ಇನ್ನೊಂದರ ಕೈಹಿಡಿದು ಸಾಗುವ ಈ ದಾರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಡ್ಯಾನ್ಯೂಬಿನದು. ದಿನಕ್ಕೆ 65 ಕಿಲೋಮೀಟರ್ ತುಳಿದರೂ ಎರಡು ತಿಂಗಳು ಬೇಕು. ಜರ್ಮನಿಯಲ್ಲಿ ವಾರಕ್ಕೆ ಐದು ದಿನ ದುಡಿಯುವವರಿಗೆ ಕಾನೂನು ಖಾತ್ರಿಪಡಿಸುವ ಕನಿಷ್ಠ ರಜೆ ವರ್ಷಕ್ಕೆ 20 ದಿನ. ಲೆಕ್ಕ ಕೂಡುವುದಿಲ್ಲ. ಹಾಗಾಗಿಯೇ ಈ ವರ್ಷ ಉಲ್ಮ್‌ನಿಂದ ಪಸ್ಸಾವ್, ಬರುವ ವರ್ಷ ಪಸ್ಸಾವ್‌ನಿಂದ ವಿಯೆನ್ನಾ, ಅದರಾಚೆಯ ವರ್ಷ ಬುಡಾಪೆಸ್ಟ್ ಎಂದು ಕಂತು ಕಂತಾಗಿ ದಾರಿ ಸವೆಸುವ ಪದ್ಧತಿ ಬೆಳೆದಿದೆ.

ಒಂದೇ ಉಸಿರಿಗೆ ಮುಗಿಸಿದವರಲ್ಲಿ ಕೆಲವರು ಇದನ್ನು ತುಸು ಕೀಳಾಗಿ ಕಾಣುತ್ತಾರೆ. ಪ್ರವಾಸವನ್ನು ತುಂಡು ಮಾಡಿದರೆ ಅದು ಪ್ರವಾಸವಾಗಿ ಉಳಿಯುವುದಿಲ್ಲ ಎಂಬುದು ಅವರ ವಾದ. ಚರಿತ್ರೆ ಇದಕ್ಕೆ ಒಪ್ಪುವುದಿಲ್ಲ. 1936ರ ಬೇಸಿಗೆಯಲ್ಲಿ ಫ್ರಾನ್ಸಿನ ಲಿಯೋನ್ ಬ್ಲೂಮ್ ಸರ್ಕಾರ ಕಾರ್ಮಿಕರಿಗೆ ಎರಡು ವಾರಗಳ ಸಂಬಳಸಹಿತ ರಜೆಯ ಹಕ್ಕು ಕೊಟ್ಟಿತು. ರಜೆಗೆ ಹೋಗುವವರಿಗೆ ರೈಲು ಟಿಕೆಟಿನಲ್ಲಿ ರಿಯಾಯಿತಿಯೂ ಸಿಕ್ಕಿತು. ಅದುವರೆಗೆ ಕಾರ್ಖಾನೆ ಬಿಟ್ಟು ಕದಲದಿದ್ದವರು ಸೈಕಲ್ಲು, ಟ್ಯಾಂಡೆಮ್ಮು ಏರಿ ಸಮುದ್ರದ ಕಡೆ ಹೊರಟರು. ದೂರದ ಸೈಕಲ್ ಪ್ರವಾಸ ದುಡಿಯುವವರ ಕೈಗೆ ಬಂದದ್ದೇ ಇಂಥ ತುಂಡು ರಜೆಯಲ್ಲಿ. ಎರಡು ತಿಂಗಳ ಬಿಡುವು ಇರುವುದು ವಿದ್ಯಾರ್ಥಿಗಳಿಗೆ, ನಿವೃತ್ತರಿಗೆ, ಕೆಲಸಕ್ಕೆ ರಾಜೀನಾಮೆ ಕೊಟ್ಟವರಿಗೆ. ಉಳಿದವರು ಕಂತು ಕಟ್ಟಿದರೆ ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ.

ಆದರೆ ಅವರ ಇನ್ನೊಂದು ಆಕ್ಷೇಪ ನಿಜ. ದೀರ್ಘ ಸವಾರಿಯಲ್ಲಿ ಮೊದಲ ಮೂರು ದಿನ ಸೀಟು ಕೊರೆಯುತ್ತದೆ, ಅಂಗೈ ಜೋಮು ಹಿಡಿಯುತ್ತದೆ, ಮಂಡಿ ಮಾತು ಕೇಳುವುದಿಲ್ಲ. ವಾರ ಕಳೆದ ಮೇಲೆ ಮೈ ಪಳಗುತ್ತದೆ. ಹಸಿವು, ನಿದ್ದೆ, ತುಳಿತ ಮೂರೂ ಒಂದು ಹದಕ್ಕೆ ಬರುತ್ತವೆ. ಎಂಟೊಂಬತ್ತು ದಿನದ ರಜೆ ಹಾಕಿ ಹೋದವರು ಸರಿಯಾಗಿ ಆ ಹೊತ್ತಿಗೆ ವಾಪಸು ರೈಲು ಹತ್ತುತ್ತಾರೆ. ಮುಂದಿನ ಬೇಸಿಗೆಗೆ ಮತ್ತೆ ಅದೇ ಸೀಟು, ಅದೇ ಮಂಡಿ. ಎಂಟು ವರ್ಷದಲ್ಲಿ ದಾರಿ ಮುಗಿಸಿದವರು ಅನುಭವಿಸಿದ್ದು ಎಂಟು ಮೊದಲ ವಾರಗಳನ್ನು. ಎರಡನೆಯ ವಾರ, ಐದನೆಯ ವಾರ ಹೇಗಿರುತ್ತದೆಂದು ಅವರಿಗೆ ತಿಳಿಯುವುದೇ ಇಲ್ಲ. ಈ ನಷ್ಟವನ್ನು ತುಂಬಿಕೊಳ್ಳುವ ಉಪಾಯ ನನಗಂತೂ ಕಾಣುತ್ತಿಲ್ಲ.

ಕಂತಿನ ಸವಾರ ಇದಕ್ಕೆ ಬದಲಾಗಿ ಪಡೆಯುವುದು ಕಾಲವನ್ನು. ಒಂದೇ ಬೇಸಿಗೆಯಲ್ಲಿ ಹೋದವರು ನದಿಯ ಒಂದು ವರ್ಷವನ್ನಷ್ಟೇ ನೋಡಿರುತ್ತಾರೆ, ಡ್ಯಾನ್ಯೂಬಿನಲ್ಲಿ ಒಂದು ವರ್ಷದಂತೆ ಇನ್ನೊಂದಿಲ್ಲ. 2022ರ ಆಗಸ್ಟಿನ ಬರದಲ್ಲಿ ಸರ್ಬಿಯಾದ ಪ್ರಾಹೋವೊ ಬಳಿ ನೀರು ಎಷ್ಟು ಇಳಿಯಿತೆಂದರೆ, ಎರಡನೆಯ ಮಹಾಯುದ್ಧದಲ್ಲಿ ಮುಳುಗಿದ ಜರ್ಮನ್ ಯುದ್ಧನೌಕೆಗಳ ಎಲುಬುಗಳು ಮೇಲೆದ್ದವು. 2024ರ ಸೆಪ್ಟೆಂಬರಿನಲ್ಲಿ ಅದೇ ನದಿ ಆಸ್ಟ್ರಿಯಾದಿಂದ ಹಂಗೇರಿಯವರೆಗೆ ಉಕ್ಕಿ ಹರಿಯಿತು. ಗಡಿಗಳೂ ನಿಂತಲ್ಲಿ ನಿಂತಿಲ್ಲ. 2020ರಲ್ಲಿ ಕೋವಿಡ್‌ನಿಂದಾಗಿ ಜರ್ಮನಿ, ಆಸ್ಟ್ರಿಯಾಗಳ ನಡುವೆಯೇ ತಡೆಗೋಲು ಬಿತ್ತು. 2023ರ ಮೊದಲ ದಿನ ಕ್ರೊಯೇಷ್ಯಾ ಗಡಿ ತಪಾಸಣೆಯಿಲ್ಲದ ಷೆಂಗೆನ್ ವಲಯಕ್ಕೂ ಯೂರೋಗೂ ಒಟ್ಟಿಗೆ ಸೇರಿತು. 2025ರ ಜನವರಿಯಿಂದ ಬಲ್ಗೇರಿಯಾ, ರುಮೇನಿಯಾಗಳ ನೆಲದ ಗಡಿಯಲ್ಲೂ ಷೆಂಗೆನ್ ಜಾರಿಗೆ ಬಂತು. 2019ರಲ್ಲಿ ದಾರಿ ಹಿಡಿದವರು ಹೊರಟ ಯೂರೋಪೇ ಬೇರೆ, ತಲುಪಿದ ಯೂರೋಪೇ ಬೇರೆ.

ಬ್ರಿಟಿಷ್ ಪ್ರವಾಸ ಲೇಖಕ ಪ್ಯಾಟ್ರಿಕ್ ಲೀ ಫರ್ಮರ್ ಇಲ್ಲಿ ನೆನಪಾಗುತ್ತಾರೆ. 1933ರ ಡಿಸೆಂಬರಿನಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಹಾಲೆಂಡಿನಿಂದ ಕಾನ್‌ಸ್ಟಾಂಟಿನೋಪಲ್ ಕಡೆ ನಡೆಯತೊಡಗಿದವರು ರೈನ್, ಡ್ಯಾನ್ಯೂಬ್ ದಡಗಳನ್ನು ಹಾದು ಸುಮಾರು ಒಂದು ವರ್ಷದಲ್ಲಿ ಊರು ಮುಟ್ಟಿದರು. ಬರೆದದ್ದು ಮಾತ್ರ ಕಂತಿನಲ್ಲಿ: ಮೊದಲ ಸಂಪುಟ 1977ರಲ್ಲಿ, ಎರಡನೆಯದು 1986ರಲ್ಲಿ. ಮೂರನೆಯದು ಅವರು ತೀರಿಕೊಂಡ ಎರಡು ವರ್ಷದ ಮೇಲೆ, 2013ರಲ್ಲಿ ಬಂತು. ಆ ಪುಸ್ತಕಗಳ ತೂಕ ಇರುವುದು ಹುಡುಗ ಕಂಡದ್ದನ್ನು ಮುದುಕ ಮತ್ತೆ ನೋಡುವುದರಲ್ಲಿ. ಕಂತುಗಳ ನಡುವಿನ ಖಾಲಿ ವರ್ಷಗಳೂ ಪ್ರವಾಸದ ಭಾಗವೇ ಎಂದು ನಂಬಲು ನನಗೆ ಈ ಉದಾಹರಣೆ ಸಾಕು.

ಕಂತು ಎಲ್ಲಿ ಮುರಿಯಬೇಕೆಂದು ತೀರ್ಮಾನಿಸುವುದು ಸಾಮಾನ್ಯವಾಗಿ ಸವಾರನಲ್ಲ, ರೈಲಿನ ವೇಳಾಪಟ್ಟಿ. ಜರ್ಮನಿಯ ಐಸಿಇ 4 ರೈಲಿನಲ್ಲಿ ಸೈಕಲ್ಲಿಗೆ ಇರುವುದು ಎಂಟೇ ಜಾಗ, ಅದೂ ಮೊದಲೇ ಕಾದಿರಿಸಿದರೆ. ಪೂರ್ವಕ್ಕೆ ಹೋದಂತೆ ಸೈಕಲ್ ಹತ್ತಿಸಿಕೊಳ್ಳುವ ರೈಲು ಕಡಿಮೆಯಾಗುತ್ತಾ ಹೋಗಿ, ಕೊನೆಗೆ ಸೈಕಲ್ ಬಿಚ್ಚಿ ಡಬ್ಬಿಗೆ ತುಂಬಿ ವಿಮಾನ ಹತ್ತಬೇಕಾಗುತ್ತದೆ. ಪರಿಣಾಮವಾಗಿ ಲಿಂಟ್ಸ್, ವಿಯೆನ್ನಾಗಳಂಥ ಜಂಕ್ಷನ್ ಊರುಗಳಲ್ಲಿ ಎರಡೆರಡು ಸಲ ತಂಗುತ್ತೇವೆ. ನದಿ ಹಾವಿನಂತೆ ಹಿಂತಿರುಗಿ ಸುತ್ತುವ ಷ್ಲೋಗನ್ ಮಾತ್ರ ಒಂದು ಕಾಫಿಯಲ್ಲಿ ಮುಗಿದುಹೋಗುತ್ತದೆ.

ಇವೆಲ್ಲ ಸಣ್ಣ ದೂರುಗಳು. ನನ್ನ ನಿಜವಾದ ತಕರಾರು ಕಂತುಗಳ ಕ್ರಮದ ಬಗ್ಗೆ. ಬಹುಪಾಲು ಮಂದಿ ಪಸ್ಸಾವ್–ವಿಯೆನ್ನಾದಿಂದ ಶುರುಮಾಡುತ್ತಾರೆ. ಸುಮಾರು 320 ಕಿಲೋಮೀಟರಿನ ಆ ತುಂಡು ಯೂರೋಪಿನಲ್ಲೇ ಹೆಸರುವಾಸಿ. ಹಿಂದೆ ಕುದುರೆಗಳು ಉಪ್ಪು, ಧಾನ್ಯದ ದೋಣಿಗಳನ್ನು ಪ್ರವಾಹಕ್ಕೆ ಎದುರಾಗಿ ಎಳೆಯುತ್ತಿದ್ದ ದಡದ ಹಾದಿಯೇ ಇಂದಿನ ಸೈಕಲ್ ಹಾದಿ, ಏರಿಲ್ಲ, ಲಾರಿಯಿಲ್ಲ. ಮೆಲ್ಕ್ ಮಠ, ವಾಖಾವ್ ಕಣಿವೆಯ ಏಪ್ರಿಕಾಟ್ ತೋಟಗಳು, ಇಂಗ್ಲೆಂಡಿನ ದೊರೆ ಸಿಂಹಹೃದಯಿ ರಿಚರ್ಡ್ ಸೆರೆಯಲ್ಲಿದ್ದ ಡ್ಯೂರ್ನ್‌ಷ್ಟೈನ್ ಎಲ್ಲ ಸಾಲಾಗಿ ಸಿಗುತ್ತವೆ. ಮುಂದಿನ ಕಂತಿಗೆ ಬುಡಾಪೆಸ್ಟ್. ಇಂಗ್ಲಿಷಿನ ಹೆಸರಾಂತ ಗೈಡ್‌ಬುಕ್ ಒಂದು ಮೊದಲ ಸಂಪುಟವನ್ನು ಅಲ್ಲಿಗೇ ಮುಗಿಸುತ್ತದೆ. ಎರಡನೆಯ ಸಂಪುಟ ಕೊಳ್ಳುವ ಉತ್ಸಾಹ ಎಷ್ಟು ಜನರಲ್ಲಿ ಉಳಿದಿರುತ್ತದೆ?

ಡ್ಯಾನ್ಯೂಬಿನ ಕಥೆ ಗಟ್ಟಿಯಾಗುವುದು ಆ ಎರಡನೆಯ ಸಂಪುಟದಲ್ಲಿ. 1526ರಲ್ಲಿ ಹಂಗೇರಿಯ ದೊರೆ ಆಟೊಮನ್ ಸೈನ್ಯಕ್ಕೆ ಸೋತು ಸತ್ತ ಮೊಹಾಚ್. 1991ರ ಮುತ್ತಿಗೆಯಲ್ಲಿ ಶೆಲ್ ಬಿದ್ದ ತೂತುಗಳನ್ನು ಮುಚ್ಚದೆ ಸ್ಮಾರಕವಾಗಿ ಉಳಿಸಿಕೊಂಡ ವುಕೋವಾರ್‌ನ ನೀರಿನ ಗೋಪುರ. 1999ರಲ್ಲಿ ನ್ಯಾಟೋ ಬಾಂಬಿಗೆ ಸೇತುವೆಗಳನ್ನೆಲ್ಲ ಕಳೆದುಕೊಂಡಿದ್ದ ನೋವಿಸಾದ್. ಅಲ್ಲಿಂದ ಮುಂದೆ, ನದಿ ಬೆಟ್ಟಗಳ ನಡುವೆ ಕುಗ್ಗಿ ನುಗ್ಗುವ ಜೆರ್ದಾಪ್ ಕಮರಿ. ಅಲ್ಲಿ 1970ರ ದಶಕದ ಆರಂಭದಲ್ಲಿ ಎದ್ದ ಅಣೆಕಟ್ಟು ತುರ್ಕರು ನೆಲೆಸಿದ್ದ ಅಡಾಕಾಲೆ ದ್ವೀಪವನ್ನು ಪೂರ್ತಿ ನುಂಗಿತು. ರೋಮನ್ ಚಕ್ರವರ್ತಿ ಟ್ರೇಜನ್ ಬಂಡೆಯಲ್ಲಿ ಕೆತ್ತಿಸಿದ್ದ ಶಾಸನವನ್ನು ಕತ್ತರಿಸಿ ಮೇಲಕ್ಕೆತ್ತಿಟ್ಟರು. ಕೆಳಗೆ ಬಂದರೆ ಬಲ್ಗೇರಿಯಾ, ರುಮೇನಿಯಾಗಳ ನಡುವೆ ನದಿಯೇ ಗಡಿ. ಅಷ್ಟುದ್ದದ ಗಡಿಗೆ ಎರಡೇ ಸೇತುವೆ: 1954ರದು ರೂಸೆಯಲ್ಲಿ, 2013ರದು ವಿದಿನ್‌ನಲ್ಲಿ. ರೂಸೆ ಲೇಖಕ ಎಲಿಯಾಸ್ ಕನೆಟ್ಟಿ ಹುಟ್ಟಿದ ಊರು.

ಈ ಭಾಗ ಕಷ್ಟದ್ದು ಹೌದು. ಪ್ರತ್ಯೇಕ ಸೈಕಲ್ ಹಾದಿ ಬಹಳ ಕಡೆ ಇಲ್ಲ, ಲಾರಿಗಳ ಜೊತೆಯಲ್ಲೇ ಸಾಗಬೇಕು, ಜೆರ್ದಾಪಿನಲ್ಲಿ ಒಂದಾದ ಮೇಲೊಂದು ಕತ್ತಲ ಸುರಂಗ. ನಾಯಿಗಳ ಕಾಟವೂ ಉಂಟು, ಬೆಂಗಳೂರಿನ ಗಲ್ಲಿಗಳಲ್ಲಿ ಸೈಕಲ್ ಕಲಿತವರಿಗೆ ಅದೇನೂ ಹೊಸ ಪಾಠವಲ್ಲ. ಸುಲಭವಾದದ್ದು ಮೊದಲು, ಕಠಿಣವಾದದ್ದು ಆಮೇಲೆ ಎಂಬ ನಿಯಮ ಎರಡು ತಿಂಗಳ ಸವಾರಿಗೆ ಸರಿ, ಅಲ್ಲಿ ಮೈ ದಿನೇದಿನೇ ಗಟ್ಟಿಯಾಗುತ್ತದೆ. ಹತ್ತು ವರ್ಷದ ಕಂತಿಗೆ ಅದೇ ನಿಯಮ ಹಿಡಿಯುವುದು ತಪ್ಪು, ಇಲ್ಲಿ ಮೈ ವರ್ಷವರ್ಷ ಸಡಿಲವಾಗುತ್ತದೆ. ಸುರಂಗಗಳ ಸರದಿ ಬರುವಷ್ಟರಲ್ಲಿ ಮಂಡಿ ಕೈಕೊಟ್ಟಿರುತ್ತದೆ, ಇಲ್ಲವೇ ಬುಡಾಪೆಸ್ಟಿನ ಫೋಟೊ ನೋಡಿ ಇಷ್ಟೇ ಸಾಕು ಅನ್ನಿಸಿರುತ್ತದೆ.

ಮ್ಯೂನಿಕ್, ಸ್ಟುಟ್‌ಗಾರ್ಟ್‌ಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಮಾತು ಇನ್ನಷ್ಟು ಸಲ್ಲುತ್ತದೆ. ಅವರ ರಜೆಯ ದೊಡ್ಡ ಪಾಲು ಊರಿಗೆ ಹೋಗಿಬರುವುದರಲ್ಲಿ ಕಳೆಯುತ್ತದೆ. ಉಳಿದ ನಾಲ್ಕೈದು ದಿನದಲ್ಲಿ ಕೈಗೆಟುಕುವುದು ಮನೆಯ ಹತ್ತಿರದ ದಾರಿಯೇ. ಆ ಹತ್ತಿರದ ದಾರಿ ಎಲ್ಲಿಗೂ ಓಡಿಹೋಗುವುದಿಲ್ಲ. ಆದ್ದರಿಂದ ಶುರುಮಾಡುವವರಿಗೆ ನನ್ನ ಸಲಹೆ: ಪಸ್ಸಾವ್–ವಿಯೆನ್ನಾವನ್ನು ಅರವತ್ತೈದರ ವಯಸ್ಸಿಗೆ ಇಟ್ಟುಕೊಳ್ಳಿ, ಮೊದಲ ಉದ್ದ ರಜೆಯನ್ನು ಕಪ್ಪು ಸಮುದ್ರದ ತುದಿಗೆ ಕೊಟ್ಟು ಅಲ್ಲಿಂದ ಮೇಲಕ್ಕೆ ಬನ್ನಿ. ಬುಕಾರೆಸ್ಟ್‌ನಿಂದ ಕಾನ್‌ಸ್ಟಾಂಟ್ಸಾಗೆ ರೈಲಿದೆ.