ತಂತ್ರಾಂಶದ ಕೈಪಿಡಿ ಮತ್ತು ಪರ್ಯಾಯಪದಗಳ ಸಮಸ್ಯೆ

ಹದಿನಾರನೆಯ ಶತಮಾನದ ಲಿಂಗಮಂತ್ರಿಯು ತನ್ನ ನಿಘಂಟಿಗೆ 'ಕಬ್ಬಿಗರ ಕೈಪಿಡಿ' ಎಂದು ಹೆಸರಿಟ್ಟನು. ಒಂದು ಅರ್ಥಕ್ಕೆ ಹಲವು ಮಾತುಗಳನ್ನು ಒದಗಿಸುವ ಇಂತಹ ಕೋಶ, ಪ್ರಾಸಕ್ಕೂ ಛಂದಸ್ಸಿಗೂ ಕಟ್ಟುಬಿದ್ದ ಕವಿಗೆ ಬೇಕಾದದ್ದೇ. ಗಣಕ ತಂತ್ರಾಂಶಗಳಿಗೆ ಕನ್ನಡದಲ್ಲಿ ಸಿದ್ಧವಾಗುವ ಕೈಪಿಡಿಗಳೂ ಅರಿಯದೆಯೇ ಅದೇ ಹಾದಿಯಲ್ಲಿ ನಡೆಯುತ್ತಿವೆ ಎಂಬುದು ಇಲ್ಲಿನ ಆಕ್ಷೇಪ. ಪಾಸ್‌ವರ್ಡ್ ಎಂಬುದು ಒಂದೆಡೆ ಗುಪ್ತಪದ, ಇನ್ನೊಂದೆಡೆ ಪ್ರವೇಶಪದ, ಮತ್ತೊಂದೆಡೆ ಪಾಸ್‌ವರ್ಡ್ ಆಗಿಯೇ ಉಳಿದಿದೆ. ಕೈಪಿಡಿ ಹೇಳಿದ ಪದ ತೆರೆಯ ಮೇಲೆ ಕಾಣದಿದ್ದಾಗ ಓದುಗನು ಇಂಗ್ಲಿಷಿಗೆ ಮರಳುತ್ತಾನೆ. ಅವನನ್ನು ದೂರುವುದು ನ್ಯಾಯವಲ್ಲ.

ಇದಕ್ಕೆ ವಿರುದ್ಧವಾದ ದೋಷವು ಇನ್ನೂ ಅಪಾಯಕರ. ಡಿಲೀಟ್, ರಿಮೂವ್, ಕ್ಲಿಯರ್ ಎಂಬ ಮೂರು ಕ್ರಿಯೆಗಳಿಗೂ 'ಅಳಿಸು' ಎಂದು ಬರೆದರೆ, ಪಟ್ಟಿಯಿಂದ ಒಂದು ಹೆಸರನ್ನು ಕೈಬಿಡಬೇಕೆಂದವನು ಮೂಲ ದಾಖಲೆಯನ್ನೇ ಕಳೆದುಕೊಂಡಾನು. ಇಲ್ಲಿ 'ಅಳಿಸು', 'ತೆಗೆದುಹಾಕು', 'ಬರಿದಾಗಿಸು' ಎಂಬ ಭೇದವು ಶೈಲಿಯ ಪ್ರಶ್ನೆಯಲ್ಲ.

'ಕಡತ'ದ ವಿಚಾರ ಸ್ವಾರಸ್ಯಕರವಾದುದು. ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದ ಬಟ್ಟೆಯನ್ನು ಮಡಿಸಿ, ಬಳಪದಿಂದ ಬರೆಯುತ್ತಿದ್ದ ಪುಸ್ತಕ ಹಿಂದಿನ ಕಡತ. ಸರಕಾರಿ ಕಚೇರಿಯಲ್ಲಿ ಅದು ಹಲವು ಕಾಗದಗಳನ್ನು ಹಿಡಿದಿಡುವ ಫೈಲ್ ಆಯಿತು. ಗಣಕದಲ್ಲಾದರೋ ಕಡತವೆಂಬುದು ಒಳಗಿರುವ ಒಂದು ವಸ್ತು, ಹಿಡಿದಿಡುವುದು 'ಕಡತಕೋಶ'. ಕಚೇರಿಯ ಅರ್ಥ ಬಲ್ಲವನಿಗೆ ಇದು ತಲೆಕೆಳಗಾಗಿ ತೋರುವುದು ಸಹಜ. ಆದರೂ ಪದವನ್ನು ಬಿಡಬೇಕಿಲ್ಲ. ಶಾಸ್ತ್ರಕಾರರು ಬಳಕೆಯ ಮಾತನ್ನೇ ಎತ್ತಿಕೊಂಡು, ಮೊದಲಿಗೆ ಅದರ ಅರ್ಥವನ್ನು ಗೊತ್ತುಪಡಿಸಿ, ಆ ಬಳಿಕ ಅದನ್ನು ಕದಲಿಸದೆ ಬಳಸುತ್ತಿದ್ದರು. ಹದಿಮೂರನೆಯ ಶತಮಾನದ ಕೇಶಿರಾಜನ 'ಶಬ್ದಮಣಿದರ್ಪಣ'ದಲ್ಲಿ 'ಶಿಥಿಲದ್ವಿತ್ವ' ಒಂದು ಸಂಜ್ಞೆ. ಅಲಂಕಾರಕ್ಕಾಗಿ ಅದಕ್ಕೊಂದು ಪರ್ಯಾಯವನ್ನು ಯಾರೂ ಬಯಸುವುದಿಲ್ಲ. ನಮ್ಮ ಕೈಪಿಡಿಗಳಿಗೆ ಬೇಕಾದ ಆದರ್ಶ ಲಿಂಗಮಂತ್ರಿಯದಲ್ಲ, ಕೇಶಿರಾಜನದು.

ಕ್ರಿಯಾರೂಪದಲ್ಲಿಯೂ ಇಂತಹ ಗೊಂದಲವಿದೆ. ಗುಂಡಿಯ ಮೇಲೆ 'ಉಳಿಸು' ಎಂದಿದ್ದರೆ ಬಳಕೆದಾರನು ಯಂತ್ರಕ್ಕೆ ಆಜ್ಞಾಪಿಸುತ್ತಾನೆ, ಏಕವಚನ ತಪ್ಪಲ್ಲ. ಕೈಪಿಡಿಯಾದರೋ ಓದುಗನೊಡನೆ ಮಾತಾಡುತ್ತದೆ. ಅಲ್ಲಿ 'ಉಳಿಸಿರಿ' ಎಂಬುದೇ ಉಚಿತ. ಈ ಎರಡು ಸಂಬಂಧಗಳನ್ನು ಬೆರೆಸಿ, ಗೌರವದ ಹೆಸರಿನಲ್ಲಿ ಗುಂಡಿಗೂ ಬಹುವಚನ ತೊಡಿಸಿದವರುಂಟು!

ಒಮ್ಮತದ ಯತ್ನಗಳು ನಡೆಯದೇ ಇಲ್ಲ. 1991ರ ಇಸ್ಕಿ ಮಾನಕವು ಅಕ್ಷರಗಳ ಸಂಕೇತಕ್ಕೆ ಒಂದು ವ್ಯವಸ್ಥೆಯನ್ನು ತಂದಿತು. ಪದಗಳ ಪ್ರಶ್ನೆ ಅದರ ವ್ಯಾಪ್ತಿಗೆ ಸೇರಿದುದಲ್ಲ. ಪುಣೆಯ ರೆಡ್ ಹ್ಯಾಟ್ ಬಳಗದಿಂದ 2008ರಲ್ಲಿ ಹೊರಟ ಫ್ಯೂಯೆಲ್ ಯೋಜನೆಯು ತೆರೆಯ ಮೇಲೆ ಮರಳಿ ಮರಳಿ ಬರುವ ಮಾತುಗಳನ್ನು ಪಟ್ಟಿಮಾಡಿ, ಪ್ರತಿ ಭಾಷೆಯಲ್ಲೂ ಒಪ್ಪಿತ ರೂಪವನ್ನು ನಿಗದಿಪಡಿಸಹೊರಟಿತು. ಕನ್ನಡವೂ ಅದರಲ್ಲಿ ಸೇರಿತು. ಯೋಜನೆ ಸರಿಯಾದುದು. ಆದರೆ ಪಟ್ಟಿ ಇದ್ದ ಮಾತ್ರಕ್ಕೆ ಬಳಕೆ ನಿಲ್ಲುವುದೇ?

ಪುಣೆಗೆ ಸಮೀಪದ ತಳೇಗಾಂವ ದಾಭಾಡೆಯ ಹೆಸರಿನಲ್ಲೇ ಇದಕ್ಕೊಂದು ನಿದರ್ಶನವಿದೆ. ಶಿವಾಜಿಯ ಅಷ್ಟಪ್ರಧಾನರ ಫಾರಸಿ ಪದನಾಮಗಳಿಗೆ ಸಂಸ್ಕೃತ ಹೆಸರುಗಳನ್ನು ಕೊಡಲಾಯಿತು. ರಘುನಾಥ ಪಂಡಿತನ 'ರಾಜವ್ಯವಹಾರಕೋಶ'ವು ಆಡಳಿತದ ಮಾತುಗಳಿಗೆಲ್ಲ ಅದನ್ನೇ ವಿಸ್ತರಿಸಿತು. 'ಸರನೋಬತ್' ಹೋಗಿ 'ಸೇನಾಪತಿ' ನಿಂತಿತು; ಶಾಹುವಿನ ಕಾಲದ ದಾಭಾಡೆಯವರು ಇಂದಿಗೂ ಸೇನಾಪತಿ ದಾಭಾಡೆಯವರೇ. 'ಪೇಶ್ವೆ'ಗೆ ಬದಲಾಗಿ ಬಂದ 'ಪಂತಪ್ರಧಾನ'ವಾದರೋ ಜನರ ಬಾಯಲ್ಲಿ ಸೋತಿತು. ಒಂದೇ ಕ್ರಮದ ಎರಡು ಪದಗಳಿಗೆ ಎರಡು ಗತಿ.

ಆದುದರಿಂದ 'ಪಾಸ್‌ವರ್ಡ್' ನಾಡಿನಲ್ಲಿ ನೆಲೆಗೊಂಡಿದ್ದರೆ 'ಗುಪ್ತಪದ'ಕ್ಕಾಗಿ ಹಟ ಹಿಡಿಯಬೇಕಾಗಿಲ್ಲ. ಯಾವುದನ್ನೇ ಆರಿಸಲಿ, ಪ್ರತಿ ಕೈಪಿಡಿಯ ಆರಂಭದಲ್ಲಿ ಚಿಕ್ಕದೊಂದು ಸಂಜ್ಞಾಪ್ರಕರಣವಿರಲಿ; ತೆರೆಯ ಮೇಲಿನ ಪದ ಬದಲಾದ ದಿನವೇ ಕೈಪಿಡಿಯಲ್ಲೂ ಅದು ಬದಲಾಗಲಿ.